ಹೊಗೆ ನುಂಗಿದ ಗಾಡಿ

“ಗುರುಗಳೇ, ಕೋಪವನ್ನು ಉಗುಳಿದರೆ ಎದುರಿಗಿದ್ದವರಿಗೆ ನೋವಾಗುತ್ತದೆ. ಅದಕ್ಕೇ ನುಂಗಿಕೊಳ್ಳಬೇಕು ಎನ್ನುತ್ತಾರೆ. ನುಂಗಿದ ಕೋಪ ಎಲ್ಲಿಗೆ ಹೋಗುತ್ತದೆ?” ಎಂದು ಶಿಷ್ಯ ಗಿರಿಮಲ್ಲ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ನಿಜಗುಣಪ್ಪ ಎಂಬ ಬಟ್ಟೆ ವ್ಯಾಪಾರಿ ಇದ್ದ. ಪಕ್ಕದ ಮನೆಯಲ್ಲಿ ಇಮಾಮಸಾಬ ಎಂಬ ದರ್ಜಿ. ದರ್ಜಿಗೆ ಉಬ್ಬಸವಿತ್ತು. ವ್ಯಾಪಾರಿಯ ಬಳಿ ಹಳೆಯ ಡೀಸೆಲ್ ಗಾಡಿಯಿತ್ತು. ಬೆಳಿಗ್ಗೆ ಅದು ಚಾಲೂ ಆಯಿತೆಂದರೆ ಓಣಿಯ ತುಂಬ ಕರಿಹೊಗೆ. ದರ್ಜಿ ಒಂದು ದಿನವೂ ದೂರಲಿಲ್ಲ. ಎದುರಾದಾಗ ನಗುತ್ತಿದ್ದ, ಕ್ಷೇಮ ವಿಚಾರಿಸುತ್ತಿದ್ದ, ತನ್ನ ಪಾಡಿಗೆ ಹೋಗುತ್ತಿದ್ದ.

ಒಮ್ಮೆ ವ್ಯಾಪಾರಿಯ ಹೆಂಡತಿ, “ನೀವು ಗಾಡಿ ಹತ್ತಿದರೆ ಸಾಕು, ಅವರ ಮನೆಯ ಕಿಟಕಿಗಳೆಲ್ಲ ಮುಚ್ಚಿಕೊಳ್ಳುತ್ತವೆ. ನಿಮ್ಮ ಕಣ್ಣಿಗೆ ಬಿದ್ದಿಲ್ಲವೇ?” ಎಂದಳು.

ಬಿದ್ದಿರಲಿಲ್ಲ. ವ್ಯಾಪಾರಿಗೆ ನಾಚಿಕೆಯಾಯಿತು. ಹಳೆಯ ಗಾಡಿಯನ್ನು ಕೊಟ್ಟು ಹೊಸ ಡೀಸೆಲ್ ಕಾರು ತಂದ. ಅದರ ಹಿಂಬದಿಯ ಕೊಳವೆಯಿಂದ ಹೊಗೆ ಬರುತ್ತಿರಲಿಲ್ಲ. ಓಣಿಯವರು ಸುತ್ತ ನೆರೆದರು. ವ್ಯಾಪಾರಿ ಬಿಳಿ ಕರವಸ್ತ್ರವನ್ನು ಕೊಳವೆಯ ಬಾಯಿಗೆ ಒರೆಸಿ ಎಲ್ಲರಿಗೂ ತೋರಿಸಿದ. ಬಟ್ಟೆಗೆ ಮಸಿ ಹತ್ತಿರಲಿಲ್ಲ.

“ಹೊಗೆ ಎಲ್ಲಿ ಹೋಯಿತು ಸಾವ್ಕಾರ್ರೆ?” ಎಂದು ದರ್ಜಿ ಬೆರಗಿನಿಂದ ಕೇಳಿದ.

“ಹೋಗುವುದೆಲ್ಲಿಗೆ? ಈ ಗಾಡಿಯಲ್ಲಿ ಹೊಗೆ ಹುಟ್ಟುವುದೇ ಇಲ್ಲ” ಎಂದ ವ್ಯಾಪಾರಿ. ಅವನು ಹಾಗೆಂದೇ ನಂಬಿದ್ದ.

ಹೊಸ ಗಾಡಿಯ ಮೇಲೆ ಅವನಿಗೆ ಬಹಳ ಪ್ರೀತಿ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ಹಬ್ಬ ಬಂದರೆ ಊರ ಗುಡಿಯವರೆಗೆ, ಅದರಾಚೆಗೆ ಕೊಂಡೊಯ್ಯಲಿಲ್ಲ. ವೇಗವಾಗಿ ಓಡಿಸಲಿಲ್ಲ. ಭಾರ ಹೇರಲಿಲ್ಲ. ಕೆಲವು ತಿಂಗಳಾದ ಮೇಲೆ ಗಾಡಿಯೊಳಗೆ ಅವನ ಕಣ್ಣ ಮುಂದೆ ಒಂದು ಹಳದಿ ದೀಪ ಹೊತ್ತಿಕೊಂಡಿತು. ಗಾಡಿ ಮಾರಿದವರನ್ನು ವಿಚಾರಿಸಿದ. “ಹೆದ್ದಾರಿಗೆ ಒಯ್ದು ಬಹಳ ದೂರ ಓಡಿಸಿ. ನಡುವೆ ನಿಲ್ಲಿಸಬೇಡಿ. ದೀಪ ತಾನೇ ಆರುತ್ತದೆ” ಎಂದರು ಅವರು. ವ್ಯಾಪಾರಿಗೆ ಅದು ವಿಚಿತ್ರವೆನಿಸಿತು. ಕೆಲಸವಿಲ್ಲದೆ ದೂರ ಹೋಗಿ ಸುಮ್ಮನೆ ಹಿಂದಿರುಗುವುದು ಯಾವ ವಿವೇಕ? ಅವನು ಹೋಗಲಿಲ್ಲ.

ಗಾಡಿ ತನ್ನ ಕಷ್ಟವನ್ನು ತಾನೇ ಕಳೆದುಕೊಳ್ಳಲು ನೋಡಿತು. ಕೆಲವೊಮ್ಮೆ ನಿಂತಲ್ಲೇ ಎಂಜಿನ್ನಿನ ಸದ್ದು ಏರುತ್ತಿತ್ತು. ಫ್ಯಾನು ಜೋರಾಗಿ ತಿರುಗುತ್ತಿತ್ತು. ಅಡಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ವ್ಯಾಪಾರಿ ಹೆದರಿ ತಕ್ಷಣ ಆರಿಸಿಬಿಡುತ್ತಿದ್ದ. ಪ್ರತಿ ಸಲವೂ ಹಾಗೆಯೇ ಮಾಡಿದ. ಸದ್ದು ನಿಂತರೆ ಗಾಡಿಗೆ ಸಮಾಧಾನವಾಯಿತೆಂದು ತಿಳಿದ. ಹಳದಿ ದೀಪ ಉರಿಯುತ್ತಲೇ ಇತ್ತು. ಅವನ ಕಣ್ಣು ಅದಕ್ಕೆ ಒಗ್ಗಿಹೋಯಿತು.

ಒಂದು ಮಧ್ಯಾಹ್ನ ದರ್ಜಿಗೆ ಉಬ್ಬಸ ಕೆರಳಿತು. ಔಷಧ ಹಿಡಿಯಲಿಲ್ಲ. ತುಟಿ ನೀಲಿಗಟ್ಟಿತು. ಅವನ ಹೆಂಡತಿ ಖಾತೂನಬಿ ಓಡಿಬಂದು ವ್ಯಾಪಾರಿಯ ಬಾಗಿಲು ಬಡಿದಳು. ವ್ಯಾಪಾರಿ ಒಂದು ಮಾತನ್ನೂ ಕೇಳದೆ ಇಬ್ಬರನ್ನೂ ಗಾಡಿಗೆ ಹತ್ತಿಸಿಕೊಂಡ. ದೊಡ್ಡ ಆಸ್ಪತ್ರೆ ಗುಡ್ಡದಾಚೆಯ ನಗರದಲ್ಲಿತ್ತು.

ಏರು ಶುರುವಾದಲ್ಲಿ ಗಾಡಿ ಸೋತಿತು. ಎಷ್ಟು ತುಳಿದರೂ ವೇಗ ಹಿಡಿಯಲಿಲ್ಲ. ಬಾಯಿಗೆ ಬಟ್ಟೆ ತುರುಕಿಸಿಕೊಂಡವನಂತೆ ಎಂಜಿನ್ನು ಹೂಂಕರಿಸಿತು. ಎತ್ತಿನ ಗಾಡಿಯಷ್ಟು ನಿಧಾನವಾಗಿ ತೆವಳಿತು. ಹಿಂದಿನ ಸೀಟಿನಲ್ಲಿ ದರ್ಜಿಯ ಎದೆ ಸಿಳ್ಳೆ ಹಾಕುತ್ತಿತ್ತು. ವ್ಯಾಪಾರಿ ಗಾಡಿಯನ್ನು ಬದಿಗೆ ನಿಲ್ಲಿಸಿ ಕೆಳಗಿಳಿದ.

ಹಿಂದಿನಿಂದ ಈರುಳ್ಳಿ ತುಂಬಿದ ಹಳೆಯ ಲಾರಿಯೊಂದು ಬಂತು. ವ್ಯಾಪಾರಿ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದ. ಚಾಲಕ ನಿಲ್ಲಿಸಿದ. ಇಬ್ಬರೂ ಸೇರಿ ದರ್ಜಿಯನ್ನು ಎತ್ತಿ ಮುಂದೆ ಕೂರಿಸಿದರು. ಖಾತೂನಬಿ ಗಂಡನ ಮೂಗಿಗೆ ಒದ್ದೆ ಸೆರಗು ಹಿಡಿದಳು. ಲಾರಿ ಕಪ್ಪು ಹೊಗೆ ಕಾರುತ್ತ ಗುಡ್ಡ ಹತ್ತಿತು. ವ್ಯಾಪಾರಿ ತನ್ನ ಸ್ವಚ್ಛವಾದ ಗಾಡಿಯ ಪಕ್ಕದಲ್ಲಿ ಒಬ್ಬನೇ ನಿಂತು ಆ ಹೊಗೆ ಮರೆಯಾಗುವವರೆಗೂ ನೋಡಿದ.

ದರ್ಜಿ ಬದುಕಿದ.

ವ್ಯಾಪಾರಿ ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದ. ಮೇಸ್ತ್ರಿ ಇಂಥದೇ ಗಾಡಿಯ ಕೊಳವೆಯಲ್ಲಿ ಹೊಗೆ ಸೋಸುವ ಹಳೆಯ ಫಿಲ್ಟರೊಂದನ್ನು ಅರ್ಧಕ್ಕೆ ಕೊಯ್ದಿಟ್ಟಿದ್ದ. ಅದನ್ನು ತಂದು ತೋರಿಸಿದ. ಅದು ಜೇನುಗೂಡಿನಂತಿತ್ತು. ಸಣ್ಣ ಸಣ್ಣ ಓಣಿಗಳು. ಒಂದು ಓಣಿಗೆ ಈ ಕೊನೆಯಲ್ಲಿ ಮುಚ್ಚಳ, ಅದರ ಪಕ್ಕದ್ದಕ್ಕೆ ಆ ಕೊನೆಯಲ್ಲಿ. ಒಳಗೆ ಹೊಕ್ಕ ಹೊಗೆ ಮುಂದೆ ದಾರಿ ಕಾಣದೆ ಗೋಡೆಯನ್ನೇ ತೂರಿ ಪಕ್ಕದ ಓಣಿಗೆ ದಾಟಬೇಕು. ಗೋಡೆಯ ರಂಧ್ರಗಳು ಬಹಳ ಸೂಕ್ಷ್ಮ. ಗಾಳಿ ದಾಟುತ್ತದೆ, ಮಸಿ ಉಳಿಯುತ್ತದೆ.

“ಇದರಲ್ಲಿ ಹೊಗೆಯೇ ಹುಟ್ಟುವುದಿಲ್ಲ ಎಂದುಕೊಂಡಿದ್ದೆ” ಎಂದ ವ್ಯಾಪಾರಿ.

“ಡೀಸೆಲ್ ಉರಿದ ಮೇಲೆ ಮಸಿ ಹುಟ್ಟದೆ ಇರುತ್ತದೆಯೇ? ಅದನ್ನು ಇದು ಹಿಡಿದಿಟ್ಟುಕೊಳ್ಳುತ್ತಿತ್ತು, ಅಷ್ಟೇ.”

“ಹಿಡಿದಿಟ್ಟುಕೊಂಡದ್ದು ಏನಾಗಬೇಕಿತ್ತು?”

“ಉರಿದುಹೋಗಬೇಕಿತ್ತು. ದೂರ ಓಡಿದಾಗ ಕೊಳವೆ ಕಾದು ಮಸಿ ತಾನೇ ಸುಡುತ್ತದೆ. ಹತ್ತಿರ ಹತ್ತಿರ ಓಡಾಡಿದರೆ ಆ ಬಿಸಿ ಏರುವುದಿಲ್ಲ. ಆಗ ಗಾಡಿಯೇ ಸ್ವಲ್ಪ ಹೆಚ್ಚು ಡೀಸೆಲ್ ಸುರಿದು ಬಿಸಿ ಮಾಡಿಕೊಳ್ಳಲು ನೋಡುತ್ತದೆ. ನೀವು ಹೆದರಿ ಆರಿಸಿದ್ದು ಅದನ್ನೇ. ಮಸಿ ತುಂಬಿ ದಾರಿ ಕಟ್ಟಿತು, ಗಾಡಿ ಸೋತಿತು.”

ವ್ಯಾಪಾರಿ ಆ ಕೊಯ್ದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಗ್ಯಾರೇಜಿನ ಇನ್ನೊಬ್ಬ ಕೆಲಸಗಾರ ಹತ್ತಿರ ಬಂದು, “ಈ ಗೋಳೇ ಬೇಡ. ಒಳಗಿನ ಗೂಡನ್ನು ಒಡೆದು ತೆಗೆದುಬಿಡೋಣ. ಇನ್ನೆಂದೂ ಕಟ್ಟಿಕೊಳ್ಳುವುದಿಲ್ಲ” ಎಂದ.

ಹಾಗೆ ಮಾಡಿದರೆ ಗಾಡಿಗೆ ಬಲ ಬರುತ್ತಿತ್ತು, ಓಣಿಗೆ ಹೊಗೆಯೂ ಬರುತ್ತಿತ್ತು. ವ್ಯಾಪಾರಿ ತಲೆಯನ್ನು ಅಡ್ಡಡ್ಡ ಆಡಿಸಿದ. “ಬೇಡಪ್ಪ. ನಮ್ಮ ಪಕ್ಕದಲ್ಲಿ ಒಬ್ಬರು ಉಸಿರಾಡಬೇಕು.”

ಮೇಸ್ತ್ರಿ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಯಂತ್ರ ಜೋಡಿಸಿ, ಎಂಜಿನ್ನಿನ ಬಿಸಿ ಏರಿಸಿ, ಕೂಡಿದ ಮಸಿಯನ್ನು ಸುಟ್ಟ. ಎಂಜಿನ್ನು ಆರ್ಭಟಿಸಿತು. ವ್ಯಾಪಾರಿಗೆ ಹೆದರಿಕೆಯಾಯಿತು. ಆದರೂ ಅವನು ಆರಿಸು ಎನ್ನಲಿಲ್ಲ. ಕೊನೆಗೆ ಹಳದಿ ದೀಪ ಆರಿತು.

ಅಲ್ಲಿಂದೀಚೆಗೆ ವಾರಕ್ಕೊಮ್ಮೆ ಅವನು ಹೆದ್ದಾರಿಗೆ ಹೊರಡುತ್ತಿದ್ದ. ಒಬ್ಬನೇ ಹೋಗಲು ಬೇಸರವೆಂದು ದರ್ಜಿಯನ್ನೂ ಕರೆದೊಯ್ಯುತ್ತಿದ್ದ. ಮೊದಲ ಸಲ ಹೋದಾಗ ಊರು ಹಿಂದಾಯಿತು, ಹೊಲಗಳು ಹಿಂದಾದವು. ಆಗ ದರ್ಜಿ ಇದ್ದಕ್ಕಿದ್ದಂತೆ, “ಸಾವ್ಕಾರ್ರೆ, ನಿಮ್ಮ ಹಳೆಯ ಗಾಡಿಯನ್ನು ನಾನು ದಿನಾ ಶಪಿಸುತ್ತಿದ್ದೆ. ನಿಮ್ಮನ್ನೂ” ಎಂದ.

ವ್ಯಾಪಾರಿಯ ಮುಖ ಕೆಂಪಾಯಿತು. ಅವನೂ ಎರಡು ಮಾತು ಬಿರುಸಾಗಿಯೇ ಆಡಿದ. ದರ್ಜಿಯೂ ಆಡಿದ. ಗಾಡಿಯನ್ನು ನಿಲ್ಲಿಸುವಂತಿರಲಿಲ್ಲ, ಇಳಿದು ಹೋಗುವಂತಿರಲಿಲ್ಲ. ಮಾತು ಏರಿತು, ತಣಿಯಿತು. ಕೊನೆಗೆ ವ್ಯಾಪಾರಿ ಕೇಳಿದ:

“ನನ್ನಿಂದ ತಪ್ಪಾಯಿತು ಇಮಾಮಣ್ಣ. ಆದರೆ ಇಷ್ಟು ಕಾಲ ನೀನು ಯಾಕೆ ಹೇಳಲಿಲ್ಲ?”

“ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಮಾತೇ ಅದು? ಇಷ್ಟು ದೂರ ನಾವು ಯಾವಾಗ ಒಟ್ಟಿಗೆ ಬಂದಿದ್ದೆವು?” ಎಂದ ದರ್ಜಿ.

ಹಿಂದಿರುಗುವಾಗ ಇಬ್ಬರೂ ದಾರಿಯಲ್ಲಿ ಚಹಾ ಕುಡಿದರು.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ, ಸುಟ್ಟ ಮೇಲೆ ಏನೂ ಉಳಿಯುವುದಿಲ್ಲವೇ?” ಎಂದು ಗಿರಿಮಲ್ಲ ಕೇಳಿದ.

“ಸ್ವಲ್ಪ ಬೂದಿ ಉಳಿಯುತ್ತದೆ. ಅದು ಯಾವ ಬಿಸಿಗೂ ಹೋಗುವುದಿಲ್ಲ. ವರ್ಷಗಳಾದ ಮೇಲೆ ಗೂಡನ್ನು ಬಿಚ್ಚಿಸಿ, ತಿಳಿದವರ ಕೈಯಿಂದ ಅದನ್ನು ತೆಗೆಸಬೇಕು.”

ಗಿರಿಮಲ್ಲ ಕೈಮುಗಿದು, ತಿಳಿಯಿತೆಂದು ಹೇಳಿ, ಹೊರಡಲು ಎದ್ದ.

“ಕುಳಿತುಕೋ” ಎಂದರು ಗುರುಗಳು, “ನನ್ನ ಮೇಲೆ ನಿನಗಿರುವ ಕೋಪ ಏನೆಂದು ಹೇಳು.”