ಶಾರದೆಯ ಎಡಗೈ

ಮುದ್ದುರಂಗ ಹೊಳೆದಡದ ಆಶ್ರಮಕ್ಕೆ ಬಂದದ್ದು ಚಿತ್ರ ಬರೆಯುವುದನ್ನು ಕಲಿಯಲಿಕ್ಕೆ. ಆರು ತಿಂಗಳಾದರೂ ಗುರುಗಳಾದ ಸೂರಪ್ಪಯ್ಯನವರು ಅವನ ಕೈಗೆ ಕುಂಚ ಕೊಟ್ಟಿರಲಿಲ್ಲ.

ಬಂದ ದಿನವೇ ಅವರು ಹಳೆಯದೊಂದು ಹಲಗೆಯನ್ನು ಅವನ ಮುಂದಿಟ್ಟಿದ್ದರು. ಅದರ ಮೇಲೆ ವೀಣೆ ಹಿಡಿದ ಶಾರದೆ. ಬರೆದವರು ಸೂರಪ್ಪಯ್ಯನವರ ಗುರುಗಳು. ಆಶ್ರಮದಲ್ಲಿ ಅದಕ್ಕೆ ಕೈಮುಗಿಯದೆ ಯಾರೂ ಮುಂದೆ ಹೋಗುತ್ತಿರಲಿಲ್ಲ.

“ಇದನ್ನ ಹೇಗೆ ಮಾಡಿದ್ದಾರೆ ನೋಡಿ ಹೇಳು. ಪೂರ್ತಿ ಹೇಳಿದ ದಿನ ಕುಂಚ ಕೊಡ್ತೀನಿ.”

ಇಷ್ಟೇ ತಾನೇ ಅಂದುಕೊಂಡಿದ್ದ, ಪಾಪ.

ಹಲಗೆಯನ್ನು ತಿರುಗಿಸಿ ನೋಡಿದ, ಮೂಸಿದ. “ಹಲಸಿನ ಮರ, ಗುರುಗಳೇ.”

“ಇನ್ನೂ ಇದೆ.”

ಅಂಚಿನಲ್ಲಿ ಬಣ್ಣ ಎದ್ದುಹೋದ ಕಡೆ ಕಣ್ಣಿಟ್ಟು ಪದರಗಳನ್ನು ಎಣಿಸಿದ. “ಮರದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಸುಣ್ಣದ ಲೇಪ. ಅಂಟು ಹುಣಸೆಬೀಜದ್ದು.”

“ಅಂಟು ಹೇಗೆ ಗೊತ್ತಾಯ್ತು? ನೆಕ್ಕಿದೆಯಾ?”

“ಹೂಂ.”

“ಇನ್ನೂ ಇದೆ.”

ಎರಡನೇ ತಿಂಗಳು ಹಲಗೆಯನ್ನು ಬೆಳಗಿನ ಓರೆಬಿಸಿಲಿಗೆ ಹಿಡಿದ. ಉಬ್ಬುಗೆರೆ ಎಳೆದು, ಒಣಗಿಸಿ, ಮೇಲೆ ಚಿನ್ನದ ರೇಕು ಕೂರಿಸಿ, ನುಣುಪುಗಲ್ಲಿನಿಂದ ಉಜ್ಜಿದ್ದಾರೆ ಎಂದು ವರದಿ ಒಪ್ಪಿಸಿದ.

“ಇನ್ನೂ ಇದೆ.”

ಆ ಎರಡು ಮಾತು ಕೇಳಿದರೇ ಮುದ್ದುರಂಗನಿಗೆ ಮೈಯೆಲ್ಲ ಉರಿಯತೊಡಗಿತು. ಏನೋ ಗುಟ್ಟಿನ ಮದ್ದು ಬೆರೆಸಿದ್ದಾರೆ, ಮುದುಕ ಬಾಯಿ ಬಿಡುತ್ತಿಲ್ಲ ಅಂತ ಅನುಮಾನ. ಹಸಿರಿನ ಬಗ್ಗೆ ಹೇಳಿದ, ಕೆಂಪಿನ ಬಗ್ಗೆ ಹೇಳಿದ, ಕೊನೆಗೆ ಹಲಗೆಯ ಹಿಂದಿನ ಮೊಳೆಗಳನ್ನೂ ಎಣಿಸಿ ಹೇಳಿದ. ಉತ್ತರ ಅದೇ.

ಆರನೇ ತಿಂಗಳು ಅವನು ಬಟ್ಟೆ ಗಂಟು ಕಟ್ಟಿದ. ಹಲಗೆಯನ್ನು ತಂದು ಗುರುಗಳ ಎದುರು ಗೋಡೆಗೆ ಒರಗಿಸಿದ.

“ನನ್ನಿಂದ ಆಗಲ್ಲ ಗುರುಗಳೇ, ಊರಿಗೆ ಹೊರಟೆ. ಇಷ್ಟು ಗೋಳು ಹೊಯ್ಕೊಳ್ಳೋಕೆ ಇದೇನು ಲೋಪವೇ ಇಲ್ಲದ ಚಿತ್ರವಾ? ಶಾರದೆಯ ಎಡಗೈ ಮೂರು ಸಲ ತಪ್ಪಿದೆ! ಗೆರೆ ಎಳೆದು, ಕೆರೆದು, ಮತ್ತೆ ಎಳೆದಿದ್ದಾರೆ. ಓರೆಬಿಸಿಲಿಗೆ ಹಿಡಿದರೆ ಬಣ್ಣದ ಕೆಳಗೆ ಹಳೆಯ ಬೆರಳುಗಳೆಲ್ಲ ಕಾಣ್ತವೆ!”

ಅಂದವನೇ ನಾಲಿಗೆ ಕಚ್ಚಿಕೊಂಡ.

ಬಣ್ಣ ಅರೆಯುತ್ತಿದ್ದ ಸೂರಪ್ಪಯ್ಯನವರು ಕೈ ನಿಲ್ಲಿಸಿದರು.

“ಇದನ್ನ ಯಾವಾಗ ನೋಡಿದೆ?”

“ಎರಡನೇ ತಿಂಗಳು.”

“ಮತ್ತೆ ಯಾಕೋ ಹೇಳಲಿಲ್ಲ?”

“ಅಂಥ ದೊಡ್ಡವರ ಕೈ ತಪ್ಪುತ್ತಾ? ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡೆ.”

ಗುರುಗಳು ಹಣೆ ಚಚ್ಚಿಕೊಂಡರು.

“ನಾಲ್ಕು ತಿಂಗಳು! ಈ ಒಂದು ಮಾತಿಗೆ ನಾಲ್ಕು ತಿಂಗಳು ಕಾಯಿಸಿದೆಯಲ್ಲೋ! ಮೊಳೆ ಎಣಿಸ್ಕೊಂಡು ಕೂತಿದ್ದ, ಮೊಳೆ!”

ಗೊಣಗುತ್ತಲೇ ಒಳಗೆ ಹೋಗಿ ಹೊಸ ಹಲಗೆಯೊಂದನ್ನು ತಂದು ಅವನ ಮುಂದಿಟ್ಟರು. ಕೈಗೆ ಕುಂಚ ಕೊಟ್ಟರು.

ಆರು ತಿಂಗಳು ಹಂಬಲಿಸಿದ್ದ ಕುಂಚ. ಬೆಳ್ಳಗಿನ ಹಲಗೆಯನ್ನು ನೋಡಿ ಮುದ್ದುರಂಗನಿಗೆ ಭಯವೇ ಆಯಿತು.

“ಗುರುಗಳೇ, ಗೆರೆ ತಪ್ಪಿದರೆ?”

“ಚಾಕು ಅಲ್ಲೇ ಇದೆ, ಕೆರಿ. ನಮ್ಮ ಗುರುಗಳೇನು ಯಾರನ್ನಾದರೂ ಕೇಳಿ ಕೆರೆದರಾ?”