ಬೆಲ್ಲದ ವರ್ತಕನ ಗೇರ್ ಬಾಕ್ಸ್

“ಅಮ್ಮಾ, ನಾನೇ ಆರಿಸಿ ಕೂರಿಸಿದವಳು ಆ ಜಾಗಕ್ಕೆ ತಕ್ಕವಳಲ್ಲವೆಂದು ತಿಳಿದ ಮೇಲೂ ಅವಳನ್ನು ಉಳಿಸಿಕೊಂಡರೆ, ಅದು ಕರುಣೆಯೋ ಹೇಡಿತನವೋ?”

ಮಂದಾಕಿನಿ ಈ ಪ್ರಶ್ನೆ ಕೇಳಿದ್ದು ೨೦೧೪ರ ಜುಲೈ ಹದಿಮೂರು, ಭಾನುವಾರ, ಬೆಳಗಿನ ಎಂಟು ಗಂಟೆಗೆ. ವಾರದ ಪಾಠ ಮುಗಿದಿತ್ತು. ಉಳಿದವರು ಎದ್ದು ಹೋಗಿದ್ದರು. ಗುರು ಭಾಗೀರಥಮ್ಮನವರು ಪುಸ್ತಕಕ್ಕೆ ಬಟ್ಟೆ ಸುತ್ತುತ್ತಿದ್ದರು.

ಮಂದಾಕಿನಿ ತನ್ನ ಕಷ್ಟವನ್ನು ಬಿಡಿಸಿ ಹೇಳಿದಳು. ಊರಿನ ಹೆಣ್ಣುಮಕ್ಕಳ ಹಾಸ್ಟೆಲನ್ನು ಕಟ್ಟಿ ನಿಲ್ಲಿಸಿದವಳು ಅವಳು. ವಯಸ್ಸಾಯಿತೆಂದು ಯುಗಾದಿಯ ದಿನ ಅದರ ಹೊಣೆಯನ್ನು ಜಯಶೀಲೆ ಎಂಬ ಕಿರಿಯಳಿಗೆ ಒಪ್ಪಿಸಿದ್ದಳು. ಜಯಶೀಲೆ ಇದ್ದ ಕೆಲಸ ಬಿಟ್ಟು, ಮನೆ ಖಾಲಿ ಮಾಡಿಕೊಂಡು, ಇದನ್ನೇ ನಂಬಿ ಬಂದವಳು. ಅವಳು ಬಂದ ಮರುವಾರವೇ ಒಬ್ಬ ಹುಡುಗಿ ಯಾರಿಗೂ ಹೇಳದೆ ಅಜ್ಜಿಯ ಊರಿಗೆ ಹೋಗಿಬಿಟ್ಟಳು. ಸಂಜೆಯ ಹೊತ್ತಿಗೆ ಸುದ್ದಿ ಸಿಕ್ಕಿತು, ಹುಡುಗಿ ಕ್ಷೇಮವಾಗಿ ಮರಳಿದಳು. ಆದರೆ ಅಂದಿನಿಂದ ಹಾಸ್ಟೆಲಿನಲ್ಲಿ ಯಾವುದೂ ಸಲೀಸಾಗಿ ನಡೆಯುತ್ತಿರಲಿಲ್ಲ. ಅಡುಗೆಯವಳು ಒಂದೇ ಮಾತನ್ನು ಇಬ್ಬರಲ್ಲಿ ಕೇಳುತ್ತಾಳೆ. ಒಬ್ಬಳು ಕೊಡದ ರಜೆಯನ್ನು ಹುಡುಗಿಯರು ಇನ್ನೊಬ್ಬಳ ಬಳಿ ಬೇಡುತ್ತಾರೆ. ಜಯಶೀಲೆಯಂತೂ ಮಂದಾಕಿನಿಯ ಮುಖ ನೋಡದೆ ಬಾಯಿ ಬಿಡಲಾರಳು. ಎಲ್ಲದರಲ್ಲೂ ತಿಕ್ಕಾಟ. ನಾಳೆಯೇ ಅವಳನ್ನು ಬಿಡಿಸಿಬಿಡುವುದೆಂದು ಮಂದಾಕಿನಿ ಮನಸ್ಸು ಮಾಡಿಕೊಂಡು ಬಂದಿದ್ದಳು. ಗುರುವಿನ ಬಾಯಿಂದ ಒಂದು ಹೂಂ ಬೇಕಾಗಿತ್ತು, ಅಷ್ಟೆ.

ಭಾಗೀರಥಮ್ಮನವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಹಾಕಿದರು.

“ನೀನು ಹೋಗದ ದಿನ ಅಲ್ಲಿ ಹೇಗಿರುತ್ತದೆ?”

“ನಾನು ಹೋಗದ ದಿನವೇ ಇಲ್ಲವಲ್ಲಮ್ಮಾ,” ಎಂದಳು ಮಂದಾಕಿನಿ. ಆ ಮಾತಿನಲ್ಲಿ ಸಣ್ಣದೊಂದು ಹೆಮ್ಮೆಯಿತ್ತು.

ಗುರು ಬಟ್ಟೆಯ ಗಂಟು ಬಿಗಿದು ಪುಸ್ತಕವನ್ನು ಪಕ್ಕಕ್ಕಿಟ್ಟರು. ಕತೆ ಹೇಳತೊಡಗಿದರು.

ಒಬ್ಬ ಬೆಲ್ಲದ ವರ್ತಕನಿದ್ದ. ಅವನಲ್ಲೊಂದು ಹಳೆಯ ಕಾರಿತ್ತು. ಸಂತೆಯಿಂದ ಸಂತೆಗೆ ಅದರಲ್ಲೇ ಓಡಾಡಿ ವ್ಯಾಪಾರ ಬೆಳೆಸಿದ್ದ. ಹೊಸದಾಗಿ ಮದುವೆಯಾದಾಗ ಹೆಂಡತಿಯನ್ನು ಮನೆಗೆ ಕರೆತಂದದ್ದೂ ಅದರಲ್ಲೇ. ಬೇರೆಯವರ ಕೈಗೆ ಅದರ ಬೀಗದಕೈ ಕೊಟ್ಟವನಲ್ಲ.

ಒಮ್ಮೆ ರೈಲ್ವೆ ಗೇಟಿನ ಏರಿನಲ್ಲಿ ಕಾರು ನಿಂತಿತ್ತು. ಗೇಟು ತೆರೆಯಿತು. ಹೊರಡುವ ಗಡಿಬಿಡಿಯಲ್ಲಿ ಅವನ ಎಡಗಾಲು ಕ್ಲಚ್ಚನ್ನು ಹುಡುಕುವಷ್ಟರಲ್ಲಿ ಎಂಜಿನ್ ನಿಂತು, ಕಾರು ಹಿಂದಕ್ಕೆ ಜಾರಿತು. ಹಿಂದೆ ಎತ್ತಿನ ಗಾಡಿಯೊಂದಿತ್ತು. ಎತ್ತಿನ ಮೂತಿಗೆ ತಾಗುವಂತಿದ್ದಾಗ ಕಾರು ಹೇಗೋ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಗಾಡಿಯವನು ಬೈದು ಸುಮ್ಮನಾದ, ಎತ್ತುಗಳು ಬಾಲ ಬೀಸಿ ಸುಮ್ಮನಾದವು. ವರ್ತಕನ ಎದೆ ಮಾತ್ರ ಸುಮ್ಮನಾಗಲಿಲ್ಲ. ಇನ್ನು ಮುಂದೆ ಮೈಮರೆಯಬಾರದೆಂದು ಅವನು ತನಗೆ ತಾನೇ ಹೇಳಿಕೊಂಡ.

ಕೆಲವು ಕಾಲ ಕಳೆಯಿತು. ಕಾರಿನೊಳಗಿಂದ ಸದ್ದು ಬರತೊಡಗಿತು. ಮೊದಲು ಎಲ್ಲೋ ದೂರದಲ್ಲಿ ಯಾರೋ ರಾಗಿ ಬೀಸುತ್ತಿರುವಂಥ ಸದ್ದು. ಬರಬರುತ್ತ ಬರಿಯ ಕಲ್ಲಿಗೆ ಕಲ್ಲು ತಿಕ್ಕುವಂಥ ಸದ್ದು. ವರ್ತಕನಿಗೆ ನಿದ್ದೆ ಹೋಯಿತು. ಗೇರ್ ಬಾಕ್ಸ್ ಹಲ್ಲು ಕಡಿಯುತ್ತಿದೆ ಎಂದು ಹೆಂಡತಿಯಲ್ಲಿ ಹೇಳಿಕೊಂಡು ಕೊರಗಿದ.

“ನಿಮ್ಮ ಪಕ್ಕ ಕೂತು ಹೋಗುವಾಗ ನಾನೂ ಹಲ್ಲು ಕಡಿಯುತ್ತೇನೆ. ಅದೊಂದು ಕಡಿದರೆ ತಪ್ಪೇ?” ಎಂದಳು ಹೆಂಡತಿ.

ವರ್ತಕ ಕಾರನ್ನು ಮೆಕ್ಯಾನಿಕನ ಬಳಿಗೆ ಒಯ್ದ. ಮೆಕ್ಯಾನಿಕ್ ಕ್ರಮ ಬಲ್ಲವನು. ಸದ್ದು ಒಂದೇ ಗೇರಿನಲ್ಲಿ ಬಂದರೆ ಆ ಗೇರಿನ ಹಲ್ಲು ಸವೆದಿರಬೇಕು. ಬದಲಿಸುವಾಗ ಮಾತ್ರ ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಎಲ್ಲ ಗೇರಿನಲ್ಲೂ ಬಂದರೆ ಆಯಿಲ್ ಇಳಿದಿರಬೇಕು, ಇಲ್ಲವೇ ಒಳಗಿನ ಬೇರಿಂಗ್ ಹೋಗಿರಬೇಕು. ಸದ್ದು ಎಲ್ಲ ಗೇರಿನಲ್ಲೂ ಇದೆಯೆಂದು ವರ್ತಕ ಆಣೆಯಿಟ್ಟು ಹೇಳಿದ. ಮೆಕ್ಯಾನಿಕ್ ಆಯಿಲ್ ನೋಡಿದ. ಕಡಿಮೆಯಾಗಿರಲಿಲ್ಲ. ಅದರಲ್ಲಿ ಲೋಹದ ಚೂರೂ ಇರಲಿಲ್ಲ. ತಾನೇ ಕೂತು ಊರ ಸುತ್ತ ಓಡಿಸಿ ಬಂದ. ಸದ್ದೆನ್ನುವಂಥ ಸದ್ದೇ ಇರಲಿಲ್ಲ.

ವರ್ತಕ ಮುನಿದು ತಾನು ಓಡಿಸಿ ತೋರಿಸಿದ. ನಾಲ್ಕು ಮನೆ ದಾಟುವ ಮೊದಲೇ ಸದ್ದು ಬಂತು. ಮೆಕ್ಯಾನಿಕನಿಗೆ ಕಿವಿ ಮಂದವೆಂದು ವರ್ತಕ ಹಂಗಿಸಿದ. ಗಾಡಿಗೆ ಸಾಹುಕಾರರನ್ನು ಕಂಡರೆ ಆಗದಿರಬೇಕೆಂದು ಮೆಕ್ಯಾನಿಕ್ ನಕ್ಕ. ಆಮೇಲೆ ಇಬ್ಬರೂ ನಗುವುದನ್ನು ಬಿಟ್ಟರು. ಸದ್ದು ಇದ್ದದ್ದು ನಿಜ, ಕಾರಣ ಹೊರಗೆ ಕಾಣದ್ದೂ ನಿಜ. ಗೇರ್ ಬಾಕ್ಸ್ ಬಿಚ್ಚಿಸೋಣವೆಂದರೆ ಅಷ್ಟು ಹಳೆಯ ಕಾರಿಗೆ ಒಳಗಿನ ಸಾಮಾನು ಎಲ್ಲೂ ಸಿಗುತ್ತಿರಲಿಲ್ಲ. ದಾರಿಯಲ್ಲಿ ಮುರಿದು ಯಾರ ಮೇಲಾದರೂ ಜಾರುವ ಮೊದಲು ಗುಜರಿಗೆ ಕೊಟ್ಟುಬಿಡುವುದೇ ಲೇಸೆಂದು ವರ್ತಕ ತೀರ್ಮಾನಿಸಿದ.

ಗುಜರಿಯವನ ಜಾಗ ಊರಾಚೆ. ವರ್ತಕ ತಾನೇ ಓಡಿಸಿದ. ಮೆಕ್ಯಾನಿಕ್ ಪಕ್ಕದಲ್ಲಿ ಕೂತ. ಹೆಂಡತಿ, ಕಡೆಯ ಸಲ ಕೂತು ಬರುತ್ತೇನೆಂದು ಹಿಂದೆ ಹತ್ತಿಕೊಂಡಳು. ನಾಲೆಯ ಬದಿಯ ನೇರ ರಸ್ತೆ. ಸದ್ದು ಜೊತೆಗೇ ಬರುತ್ತಿತ್ತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ವರ್ತಕನ ಎಡಗಾಲು ಜೋಮು ಹಿಡಿಯಿತು. ಎಷ್ಟು ಜೋಮೆಂದರೆ, ಕಾಲು ತನ್ನದೇ ಎಂಬ ಅರಿವು ಹೋಯಿತು. ಅವನು ಎಡಗೈಯಿಂದ ಮಂಡಿ ಹಿಡಿದು ಕಾಲನ್ನು ಎತ್ತಿ ಈಚೆಗಿಟ್ಟುಕೊಂಡು, ತಿಕ್ಕತೊಡಗಿದ.

ಸದ್ದು ನಿಂತಿತು.

ಗೇರ್ ಬಾಕ್ಸ್ ಕಳಚಿ ಬಿತ್ತೆಂದೇ ವರ್ತಕ ತಿಳಿದ. ಆದರೆ ಕಾರು ಓಡುತ್ತಲೇ ಇತ್ತು. ನಾಲೆಯ ನೀರಿನ ಸದ್ದು ಒಳಗೆ ಕೇಳಿಸಿತು. ಅವನು ಕಾಲನ್ನು ಇದ್ದಲ್ಲಿಗೇ ಇಟ್ಟ. ಕಲ್ಲು ತಿಕ್ಕಿತು. ತೆಗೆದ. ನೀರು ಕೇಳಿಸಿತು.

ಮೆಕ್ಯಾನಿಕ್ ಬಗ್ಗಿ ಕೆಳಗೆ ನೋಡಿದ. ಆಮೇಲೆ ವಿವರಿಸಿದ. ಕ್ಲಚ್ಚಿನ ಬೇರಿಂಗ್ ಎಂದು ಸಣ್ಣದೊಂದು ಉಂಗುರವಿದೆ. ಕಾಲು ತುಳಿದಾಗ ಮಾತ್ರ ಅದರ ಮೇಲೆ ಭಾರ ಬೀಳಬೇಕು, ಕಾಲು ತೆಗೆದರೆ ಅದಕ್ಕೆ ವಿಶ್ರಾಂತಿ. ಸಾಹುಕಾರರು ಒತ್ತಿಯೂ ಒತ್ತದಂತೆ, ಬಿಟ್ಟೂ ಬಿಡದಂತೆ ಹಗಲೆಲ್ಲ ಅದರ ಮೇಲೆ ಕಾಲಿಟ್ಟುಕೊಂಡೇ ಬಂದಿದ್ದಾರೆ. ತಾನು ಓಡಿಸಿದಾಗ ಗೇರ್ ಬದಲಿಸುವ ಕ್ಷಣದಲ್ಲಿ ಅದು ಒಂದಿಷ್ಟು ಉಸುರಿದ್ದುಂಟು. ಹಳೆಯ ಗಾಡಿ, ಅಷ್ಟೂ ಇರಬೇಡವೇ ಎಂದು ತಾನೂ ಬಿಟ್ಟುಬಿಟ್ಟಿದ್ದ.

“ಹಾಗಾದರೆ ಗೇರ್ ಬಾಕ್ಸ್?”

“ಅದಕ್ಕೇನಾಗಿದೆ ಸಾಹುಕಾರ್ರೇ, ಗುಂಡುಕಲ್ಲಿನ ಹಾಗಿದೆ. ನರಳಿದ್ದು ನಿಮ್ಮ ಕಾಲ ಕೆಳಗಿರೋದು. ಪ್ರಾಣ ಹೋಗುತ್ತಿದ್ದದ್ದು ಈ ಕಾರಿನದ್ದು.”

ವರ್ತಕ ಕಾರನ್ನು ಮರದಡಿ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟ. ಅಳುತ್ತಿದ್ದಾನೆಂದು ಹೆಂಡತಿ ಮುಂದಕ್ಕೆ ಬಾಗಿದಳು. ಅವನು ನಗುತ್ತಿದ್ದ. ರೈಲ್ವೆ ಗೇಟಿನ ಆ ದಿನ ಕಾಲು ಕ್ಲಚ್ಚಿಗೆ ಸಿಗದೆ ಹೋಯಿತಲ್ಲ, ಮತ್ತೆಂದೂ ಹಾಗಾಗಬಾರದೆಂದು ಅವನು ಕಾಲನ್ನು ಅಲ್ಲಿಂದ ತೆಗೆದೇ ಇರಲಿಲ್ಲ. ಇಟ್ಟದ್ದು ಭಯದಿಂದ. ಆಮೇಲೆ ಇಟ್ಟದ್ದೇ ಮರೆತುಹೋಗಿತ್ತು.

ಅಲ್ಲಿಂದಲೇ ಕಾರು ತಿರುಗಿತು. ಬೇರಿಂಗಿನ ಪಾಡನ್ನು ಮುಂದೆ ನಿಧಾನವಾಗಿ ನೋಡಿಕೊಳ್ಳಬಹುದೆಂದು ಮೆಕ್ಯಾನಿಕ್ ಹೇಳಿದ. ದಾರಿಯುದ್ದಕ್ಕೂ ವರ್ತಕನ ಕಾಲು ತಾನಾಗಿಯೇ ಕ್ಲಚ್ಚಿನತ್ತ ಮೇಲೇಳುತ್ತಿತ್ತು. ಎದ್ದಾಗಲೆಲ್ಲ ಹೆಂಡತಿ ಹಿಂದಿನಿಂದ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಕಾಲು ಕೆಳಗಿಳಿಯುತ್ತಿತ್ತು. ಮನೆ ಬರುವ ಹೊತ್ತಿಗೆ ಅವಳು ನಿದ್ದೆ ಹೋಗಿದ್ದಳು. ಆ ಕಾರಿನಲ್ಲಿ ಅವಳು ಅಷ್ಟು ನೆಮ್ಮದಿಯಾಗಿ ಮಲಗಿದ್ದನ್ನು ವರ್ತಕ ಹಿಂದೆಂದೂ ಕಂಡಿರಲಿಲ್ಲ.

ಭಾಗೀರಥಮ್ಮನವರು ಕತೆ ನಿಲ್ಲಿಸಿದರು. ಕರುಣೆ, ಹೇಡಿತನಗಳ ಮಾತೇ ಬರಲಿಲ್ಲವಲ್ಲ ಎಂದು ಮಂದಾಕಿನಿ ಕಾದಳು. ಗುರು ಅವಳತ್ತ ತಿರುಗಿ ಮೆಲ್ಲನೆ ಕೇಳಿದರು.

“ಯುಗಾದಿಯಿಂದೀಚೆಗೆ ನಿನ್ನ ಕಾಲು ಎಲ್ಲಿದೆ, ಮಂದಾಕಿನಿ?”

ಆ ಹುಡುಗಿ ಹೇಳದೆ ಹೋದ ದಿನದಿಂದ ತಾನು ದಿನವೂ ಹಾಸ್ಟೆಲಿಗೆ ಹೋಗಿ ನಿಂತದ್ದು ಮಂದಾಕಿನಿಯ ಕಣ್ಣಮುಂದೆ ಬಂತು. ಬಹಳ ದಿನದಿಂದ ಹಿಡಿದಿಟ್ಟಿದ್ದ ಉಸಿರೊಂದು ತಾನಾಗಿ ಹೊರಬಂತು. ಜಯಶೀಲೆಯನ್ನು ಉಳಿಸಿಕೊಳ್ಳುವುದೆಂದೂ, ಅವಳು ಕರೆಯುವವರೆಗೆ ತಾನು ಹಾಸ್ಟೆಲಿಗೆ ಹೋಗುವುದಿಲ್ಲವೆಂದೂ ಮಂದಾಕಿನಿ ನಿರ್ಧರಿಸಿದಳು.