ಚಿಲಕದ ಮೇಲಿನ ಕೈ

ಮೂರು ಮನೆ ದಾಟಿ ಬಂದೆ, ಒಂದಕ್ಕೂ ಬಾಗಿಲಿಲ್ಲ. ನಾಲ್ಕನೆಯದಕ್ಕೆ ಬಾಗಿಲಿದೆ, ಮನೆಯೇ ಇಲ್ಲ. ನಾನು ಎಲ್ಲಿ ಮಲಗಲಿ?

ಹೇಳಿ ನೋಡೋಣ.

ಬರಲಿಲ್ಲ ತಾನೇ? ತಲೆ ಕೆರೆದುಕೊಂಡು ಗಾಯ ಮಾಡಿಕೊಳ್ಳಬೇಡಿ. ಊರಲ್ಲಿ ಶಾಣ್ಯಾ ಅನ್ನಿಸಿಕೊಂಡವರಿಗೂ ಬಂದಿಲ್ಲ.

ಇದನ್ನು ಕೇಳುವವನು ಒಬ್ಬ ರಾಕ್ಷಸ. ಬಾಗಿಲ ಹೊರಗೆ ನಿಂತು, ಚಿಲಕದ ಮೇಲೆ ಕೈ ಇಟ್ಟು ಕೇಳುತ್ತಾನೆ. ಒಳಗೆ ಒಬ್ಬಳೇ ಹುಡುಗಿ. ಉತ್ತರ ಹೇಳಿದರೆ ಹೋಗುತ್ತಾನೆ. ಹೇಳದಿದ್ದರೆ ಒಳಗೆ ಬರುತ್ತಾನೆ.

ಇಷ್ಟು ಓದಿ ಹುಲಿಗೆಪ್ಪ ಪುಸ್ತಕ ಮುಚ್ಚಿದ.

ಹುಲಿಗೆಪ್ಪ ಹೊಳೆಯಲ್ಲಿ ಹರಿಗೋಲು ಹಾಕುವವನು. ಮಗಳು ದ್ಯಾಮಿಗೆ ಓದಿ ಹೇಳಬೇಕು ಅಂತಲೇ, ಮೀಸೆ ಬಂದ ಎಷ್ಟೋ ವರ್ಷಕ್ಕೆ, ದಂಡೆಯ ಮಠದ ಗುರುಗಳಾದ ಅಜ್ಜನವರ ಹತ್ತಿರ ಅಕ್ಷರ ತಿದ್ದಿದ ಶಿಷ್ಯ. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಮನೆಯಲ್ಲಿ ಅಪ್ಪ, ಮಗಳು, ಒಂದು ಹಳೇ ಕಥೆ ಪುಸ್ತಕ.

ಆ ಸಂಜೆ ಓದುವ ನಡುವೆಯೇ ಆಚೆ ದಂಡೆಯಿಂದ ಯಾರೋ ಕೂಗಿದ್ದರು.

"ಏ ಅಂಬಿಗಾ!"

"ಈಗ ಬಂದೆನವ್ವ" ಅಂತ ಮಗಳಿಗೆ ಹೇಳಿ ಹುಲಿಗೆಪ್ಪ ಎದ್ದು ಹೋದ. ಬಾಗಿಲು ಎಳೆದುಕೊಂಡು ಹೋದ.

ಗಾಳಿ ಬಂತು. ಚಿಲಕ ಅಲುಗಾಡಿತು.

ಒಳಗೆ ಒಬ್ಬಳೇ ಹುಡುಗಿ.

ಅವತ್ತಿನಿಂದ ದ್ಯಾಮಿ ಕಣ್ಣು ಮುಚ್ಚಲಿಲ್ಲ. ಉಣ್ಣಲಿಲ್ಲ. ಮೈ ಕೆಂಡದಂತೆ ಕಾಯತೊಡಗಿತು. ಬಾಗಿಲನ್ನೇ ನೋಡುತ್ತ ಕೂತಳು.

"ರಾಕ್ಷಸ ಇಲ್ಲವ್ವ, ಅದು ಬರೇ ಕಥಿ" ಅಂದ ಅಪ್ಪ. ನಂಬಲಿಲ್ಲ.

ಕೊನೆಗೆ ಅವಳ ಕಣ್ಣೆದುರೇ ಪುಸ್ತಕವನ್ನು ಹೊಳೆಗೆ ಎಸೆದ.

"ನೋಡು, ಮುಳುಗಿದ. ಹ್ವಾದ."

ದ್ಯಾಮಿ ನೀರು ನೋಡಿದಳು.

"ಹಂಗಂದ್ರ ಅವ ಈಗ ಹೊಳ್ಯಾಗ ಅದಾನ. ಅಪ್ಪಾ, ನೀ ದಿನಾ ಅಲ್ಲೇ ಹೋಗ್ತಿ."

ಹುಲಿಗೆಪ್ಪ ನಕ್ಕ. ಮರುದಿನ ನಡುಹೊಳೆಯಲ್ಲಿ ಹರಿಗೋಲಿನ ಅಡಿಗೆ ಏನೋ ಸವರಿಕೊಂಡು ಹೋಯಿತು. ಮೀನಿರಬೇಕು. ಇಷ್ಟು ವರ್ಷ ಎಷ್ಟು ಮೀನು ಸವರಿಲ್ಲ? ಆದರೂ ಅವನು ಹುಟ್ಟನ್ನು ನೀರಿನಿಂದ ಮೇಲೆತ್ತಿಕೊಂಡ. ಈ ಸಲ ನಗು ಬರಲಿಲ್ಲ.

ನೇರ ಮಠಕ್ಕೆ ಬಂದ.

"ಅಜ್ಜಾರ, ಒಂದು ತಾಯತ ಕಟ್ಟಿಕೊಡ್ರಿ."

"ಯಾರ ಕೈಗೆ? ಮಗಳ ಕೈಗೋ, ನಿನ್ನ ಕೈಗೋ?"

ಹುಲಿಗೆಪ್ಪ ನೆಲ ನೋಡಿದ.

"ಎರಡು ಕೊಡ್ರಿ."

ನಡೆದದ್ದನ್ನೆಲ್ಲ ಹೇಳಿಸಿಕೊಂಡು ಗುರುಗಳು ಕೇಳಿದರು, "ಓದೂದು ಎಲ್ಲಿಗೆ ನಿಲ್ಲಿಸಿದಿ?"

"ರಾಕ್ಷಸ ಚಿಲಕದ ಮ್ಯಾಲೆ ಕೈ ಇಟ್ಟ, ಅಲ್ಲಿಗೆ ರೀ."

"ಹಂಗಾದ್ರ ಅವನ ಕೈ ಇನ್ನೂ ಅಲ್ಲೇ ಐತಿ."

ಹುಲಿಗೆಪ್ಪ ತಿರುಗಿ ಮಠದ ಬಾಗಿಲು ನೋಡಿದ.

ಆ ಮಠದಲ್ಲಿ ಪುರಾಣ ಓದುವುದಕ್ಕೆ ಒಂದು ಕಟ್ಟಳೆ ಇತ್ತು. ಕಥೆಯೊಳಗಿನವರು ಕಷ್ಟದಲ್ಲಿದ್ದಾಗ ಪುಸ್ತಕ ಮುಚ್ಚುವಂತಿಲ್ಲ. ಕಾಡಿನಲ್ಲಿದ್ದವರು ಮನೆ ಸೇರಬೇಕು, ಅಳುವವರು ಸುಮ್ಮನಾಗಬೇಕು. ಆಮೇಲೇ ಮಂಗಳ. ಕೇಳುತ್ತಿದ್ದವರ ಸೊಂಟ ಬಿದ್ದು ಹೋದರೂ ಸರಿ.

"ಮೊದಲನೇ ದಿನಾನ ಹೇಳಿದ್ದೆ" ಅಂದರು ಗುರುಗಳು.

"ಯಾರೋ ಕೂಗಿದ್ರು ರೀ."

"ನೀ ನಡುಹೊಳ್ಯಾಗ ಇದ್ದಾಗ ದಂಡಿ ಮ್ಯಾಲಿನವ ಕೂಗಿದ್ರ, ಕುಂತವರನ್ನ ಅಲ್ಲೇ ಇಳಿಸಿ ಹೋಗ್ತಿ ಏನು?"

ಹುಲಿಗೆಪ್ಪ ತಲೆ ಅಲ್ಲಾಡಿಸಿದ. ಆಮೇಲೆ ಮೆಲ್ಲಗೆ ಅಂದ, "ಮುಗಸ್ತೀನ್ರಿ. ಆದ್ರ ಪುಸ್ತಕ ಹೊಳಿ ಪಾಲಾತು. ಮುಂದಿಂದು ನಾನೂ ಓದಿಲ್ಲ. ಒಗಟಿನ ಉತ್ತರ ನಿಮಗ ಗೊತ್ತೇನ್ರಿ?"

"ಇಲ್ಲ."

"ಮತ್ತೇನು ಮಾಡೂದ್ರಿ?"

ಗುರುಗಳು ಗೂಡಿನಿಂದ ಹೋದ ವರ್ಷದ ಪಂಚಾಂಗ ತೆಗೆದುಕೊಂಡು ಎದ್ದರು.

"ಮಗಳನ್ನ ಎತ್ತಿಕೊಂಡು ಬಾ. ಹರಿಗೋಲು ಬಿಚ್ಚು."

ಹೊತ್ತು ಮುಳುಗುತ್ತಿತ್ತು. ದ್ಯಾಮಿ ಹೊಳೆಯ ಕಡೆ ಬೆನ್ನು ಮಾಡಿ, ಅಪ್ಪನ ಕೊರಳಿಗೆ ಎರಡೂ ಕೈ ಬಿಗಿದು, ಉಸಿರು ಹಿಡಿದಿದ್ದಳು.

ನಡುನೀರಿಗೆ ಬಂದಾಗ ಗುರುಗಳು ಅಂದರು, "ಹುಟ್ಟು ಕೆಳಗ ಇಡು. ಓದು."

ಹುಲಿಗೆಪ್ಪ ಗುರುಗಳು ಕೊಟ್ಟ ಪಂಚಾಂಗ ತೆರೆದ. ಸಿಕ್ಕಿದ್ದು ರಾಹುಕಾಲ.

"ಅಪ್ಪಾ, ಪುಸ್ತಕ ಮುಳುಗಿತ್ತಲ್ಲ?" ಅಂದಳು ದ್ಯಾಮಿ, ಮುಖ ಎತ್ತದೆ.

"ಇದು ಅದರ ಅಣ್ಣ" ಅಂದರು ಗುರುಗಳು.

ಹರಿಗೋಲು ತನ್ನಷ್ಟಕ್ಕೆ ಸುತ್ತತೊಡಗಿತು. ದಂಡೆ ಒಮ್ಮೆ ಕಂಡಿತು, ಒಮ್ಮೆ ಮರೆಯಾಯಿತು.

"ರಾಕ್ಷಸ ಚಿಲಕದ ಮ್ಯಾಲೆ ಕೈ ಇಟ್ಟ..." ಅಂತ ಹುಲಿಗೆಪ್ಪ ಶುರು ಮಾಡಿದ.

ಅಡಿಗೆ ಏನೋ ಸವರಿತು.

"ಅವನೇ!" ದ್ಯಾಮಿ ಚೀರಿದಳು.

ಹುಲಿಗೆಪ್ಪ ಹುಟ್ಟಿಗೆ ಕೈ ಹಾಕಿದ. ಅದರ ಮೇಲೆ ಗುರುಗಳು ಕಾಲಿಟ್ಟಿದ್ದರು.

"ಓದು."

ಓದಲು ಏನಿದೆ? ಆದರೂ ಬೆರಳನ್ನು ಸಾಲಿನ ಮೇಲೆ ಇಟ್ಟ.

"ಒಳಗಿನ ಹುಡುಗಿ ಅಂದ್ಲು, ನನಗ ಉತ್ತರ ಗೊತ್ತಿಲ್ಲ. ನಿನಗ ಗೊತ್ತೈತೇನು? ರಾಕ್ಷಸ ಸುಮ್ಮನಾದ."

ದ್ಯಾಮಿ ಒಂದು ಕಣ್ಣು ತೆರೆದಳು. "ಆಮ್ಯಾಲೆ?"

"ಆಮ್ಯಾಲೆ ರಾಕ್ಷಸ ಅಂದ, ನನಗೂ ಗೊತ್ತಿಲ್ಲ. ಸಣ್ಣವ ಇದ್ದಾಗ ನಮ್ಮವ್ವ ಓದಿ ಹೇಳತಿದ್ಲು. ಈ ಒಗಟಿನ ತನಕ ಓದಿದ್ಲು. ಯಾರೋ ಕೂಗಿದ್ರು, ಎದ್ದು ಹ್ವಾದ್ಲು. ಅವತ್ತಿನಿಂದ ನನಗ ನಿದ್ದಿ ಇಲ್ಲ. ಯಾರ ಮನ್ಯಾಗರ ಉತ್ತರ ಇದ್ದೀತು ಅಂತ ಮನಿಮನಿ ಬಾಗಲಕ್ಕ ಹೋಗಿ ಕೇಳ್ತೀನಿ."

ನೀರು ಸದ್ದು ಮಾಡಲಿಲ್ಲ.

"ಅದಕ್ಕ ಆ ಹುಡುಗಿ ಏನಂದ್ಲು?"

ಹುಲಿಗೆಪ್ಪ ಒಂದು ಪುಟ ಮಗುಚಿದ. ಗುರುಗಳ ಕಡೆ ನೋಡಿದ. ಅವರು ಬೇಕಂತಲೇ ಆಚೆ ದಂಡೆಯ ಕಡೆ ನೋಡುತ್ತಿದ್ದರು. ಕೊರಳಿನ ಮೇಲೆ ಮಗಳ ಕೈ ಸುಡುತ್ತಿತ್ತು.

"ಹುಡುಗಿ ಅಂದ್ಲು... ನಮ್ಮಪ್ಪ ಹೊಳಿಗೆ ಹೋಗ್ಯಾನ. ಬಂದು ಉಳಿದದ್ದು ಓದ್ತಾನ. ನೀ ಒಳಗ ಬರಬ್ಯಾಡ, ನನಗ ಅಂಜಿಕಿ ಆಗತೈತಿ. ಹೊರಗ ಕಟ್ಟಿ ಮ್ಯಾಲೆ ಕುಂದ್ರು. ಅಲ್ಲಿಂದನ ಕೇಳು."

"ಕುಂತನಾ?"

"ಕುಂತ. ಚಿಲಕದ ಮ್ಯಾಲಿನ ಕೈ ತಗದು, ಮಂಡಿ ಮಡಚಿ, ಸಣ್ಣ ಹುಡುಗನಂಗ ಕುಂತ."

ಕೊರಳಿಗೆ ಬಿಗಿದಿದ್ದ ಕೈ ಸಡಿಲಾಯಿತು. ಗುರುಗಳು ಹುಟ್ಟಿನ ಮೇಲಿನ ಕಾಲು ತೆಗೆದರು.

ದಂಡೆ ಮುಟ್ಟುವಷ್ಟರಲ್ಲಿ ದ್ಯಾಮಿ ಅಪ್ಪನ ಹೆಗಲ ಮೇಲೆ ಬಾಯಿ ತೆರೆದು ಮಲಗಿದ್ದಳು. ಮೈ ಬೆವೆತು ತಣ್ಣಗಾಗಿತ್ತು.

ಗುರುಗಳು ಮನೆಯವರೆಗೂ ಬಂದರು. ಹೊರಗಿನ ಕಟ್ಟೆಯ ಮೇಲೆ ಕತ್ತಲು ಕೂತಿತ್ತು. ಹುಲಿಗೆಪ್ಪ ಅತ್ತ ನೋಡದೆ ಚಿಲಕ ತೆಗೆದ. ಮಗಳಿಗೆ ಎಚ್ಚರವಾಗದ ಹಾಗೆ ಪಿಸುಗುಟ್ಟಿದ.

"ಅಜ್ಜಾರ, ತಪ್ಪಾತು. ನಾ ಓದಲಿಲ್ರಿ. ಆ ಕೊನಿ ಯಾವ ಪುಸ್ತಕದಾಗೂ ಇಲ್ಲ. ನಾನ ಕಟ್ಟಿದ್ದು."

ಗುರುಗಳು ಪಂಚಾಂಗವನ್ನು ಅವನ ಕಂಕುಳಿಗೆ ಸಿಕ್ಕಿಸಿದರು.

"ನಾಳಿಂದ ಸ್ವಲ್ಪ ಗಟ್ಟಿಯಾಗಿ ಓದಪಾ. ಕಟ್ಟಿ ಮ್ಯಾಲೆ ಕುಂತವಗೂ ಕೇಳಬೇಕಲ್ಲ."